ಗಾಡಿ ಅಡ್ಡ ತಿರುಗಿದಾಗ

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿಗಳ ಅಪಘಾತವನ್ನು ಕುರಿತ ಶ್ಲೋಕಗಳಿವೆಯೆಂದರೆ ಓದುಗರಲ್ಲಿ ಕೆಲವರಿಗಾದರೂ ಸೋಜಿಗವಾದೀತು. ದಾರಿಯಲ್ಲಿ ಹೋಗುವ ಗಾಡಿಯಿಂದ ಯಾರಿಗಾದರೂ ಪೆಟ್ಟಾದರೆ ಸಾರಥಿಗೂ ಒಡೆಯನಿಗೂ ದಂಡ ಸಲ್ಲುತ್ತದೆ. ಆದರೆ ಹತ್ತು ಸಂದರ್ಭಗಳಲ್ಲಿ ದಂಡವಿಲ್ಲ. ಎತ್ತಿನ ಮೂಗುದಾರ ಹರಿದರೆ, ನೊಗ ಮುರಿದರೆ, ಗಾಡಿ ಅಡ್ಡಕ್ಕೆ ತಿರುಗಿದರೆ, ಹಿಂದಕ್ಕೆ ಸರಿದರೆ, ಅಚ್ಚು ಮುರಿದರೆ, ಚಕ್ರ ಮುರಿದರೆ, ಕಟ್ಟು ಹರಿದರೆ, ಕೊರಳ ಹಗ್ಗ ಹರಿದರೆ, ಲಗಾಮು ಹರಿದರೆ, ಕೊನೆಯದಾಗಿ ಸಾರಥಿ ‘ದೂರ ಸರಿ, ದೂರ ಸರಿ’ ಎಂದು ಕೂಗಿ ಹೇಳಿದ್ದರೆ. ಈ ಪಟ್ಟಿಯನ್ನು ಬರೆದವನು ಶಾಸ್ತ್ರಜ್ಞನಿದ್ದಂತೆ ಗಾಡಿಯ ಮರ್ಮವನ್ನು ಬಲ್ಲವನೂ ಆಗಿದ್ದಿರಬೇಕು. ಹತ್ತನೆಯದೊಂದನ್ನು ಮಾತ್ರ ನಮ್ಮ ಲಾರಿಯ ಚಾಲಕರು ಇಂದಿಗೂ ಬಲವಾಗಿ ನಂಬಿಕೊಂಡಿರುವಂತೆ ತೋರುತ್ತದೆ. ಹಾರ್ನ್ ಒತ್ತಿದ ಮೇಲೆ ಹೊಣೆ ಎದುರಿಗಿದ್ದವನದು!

ಮೂರನೆಯ ಸಂದರ್ಭದ ಮೇಲೆ ಕೊಂಚ ಗಮನವಿಡಬೇಕೆಂದು ಕೋರುತ್ತೇನೆ: ಗಾಡಿ ಅಡ್ಡಕ್ಕೆ ತಿರುಗುವುದು. ಹೆದ್ದಾರಿಯಲ್ಲಿ ನೀವು ಉದ್ದನೆಯ ಟ್ರೇಲರ್ ಲಾರಿಗಳನ್ನು ಕಂಡಿದ್ದೀರಿ. ಅದರಲ್ಲಿ ಎರಡು ಗಾಡಿಗಳಿವೆ. ಮುಂದೆ ಎಂಜಿನ್ನೂ ಚಾಲಕನೂ ಇರುವ ಮುಂಗಾಡಿ. ಅದರ ಬೆನ್ನಿನ ಮೇಲೆ ಒಂದು ಗಟ್ಟಿಯಾದ ಕೀಲು. ಆ ಕೀಲಿಗೆ ಸಿಕ್ಕಿಸಿದ ಹಿಂಗಾಡಿ. ಹೊರೆಯೆಲ್ಲ ಹಿಂಗಾಡಿಯದು. ಮಳೆಯಿಂದ ನುಣುಪಾದ ರಸ್ತೆಯಲ್ಲಿ ಚಾಲಕ ಗಕ್ಕನೆ ಬ್ರೇಕು ಒತ್ತಿದನೆನ್ನಿ. ಮುಂಗಾಡಿಯ ಹಿಂದಣ ಚಕ್ರಗಳು ಉರುಳುವುದನ್ನು ಬಿಟ್ಟು ಜಾರತೊಡಗುತ್ತವೆ. ಜಾರುವ ಚಕ್ರಕ್ಕೆ ಪಕ್ಕದ ಹಿಡಿತ ಉಳಿಯುವುದಿಲ್ಲ. ಹಿಂದಿನ ಹೊರೆ ಮಾತ್ರ ಅದೇ ವೇಗದಲ್ಲಿ ಮುಂದಕ್ಕೆ ನೂಕುತ್ತಿರುತ್ತದೆ. ಕೀಲಿನ ಬಳಿ ಎರಡು ಗಾಡಿಗಳೂ ಮಡಚಿಕೊಂಡು, ನೋಡುನೋಡುತ್ತಿರುವಂತೆಯೇ ಇಡೀ ರಸ್ತೆಗೆ ಅಡ್ಡಲಾಗಿ ಗುಡಿಸಿಕೊಂಡು ಬರುತ್ತವೆ. ಮಡಚುವ ಚೂರಿಯ ಹೆಸರಿನಿಂದ ಇದನ್ನು ಜಾಕ್‌ನೈಫ್ ಎನ್ನುತ್ತಾರೆ. ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಬ್ರೇಕುಗಳು ಬಂದಿರುವುದು ಮುಖ್ಯವಾಗಿ ಇಂಥದನ್ನು ತಪ್ಪಿಸಲು. ಆದರೂ ತಪ್ಪದಿದ್ದಾಗ ಪಕ್ಕದಲ್ಲಿ ಸ್ಕೂಟರಿನ ಮೇಲೆ ಹೋಗುತ್ತಿದ್ದವನಿಗೆ, ಎದುರಿನಿಂದ ಬರುತ್ತಿದ್ದ ಕಾರಿನವರಿಗೆ, ರಸ್ತೆಯಂಚಿನಲ್ಲಿ ಎಳನೀರು ಮಾರುತ್ತ ಕುಳಿತವಳಿಗೆ ಓಡಲು ದಾರಿಯೇ ಇರುವುದಿಲ್ಲ.

ಹೀಗೆ ಪೆಟ್ಟು ತಿಂದವರಿಗೆ ಕಾನೂನು ಏನು ಕೊಡುತ್ತದೆ? ಇಂದಿನ ಉತ್ತರ ಒಂದೇ ದಿನದಲ್ಲಿ ರೂಪುಗೊಂಡದ್ದಲ್ಲ. ಅದು ಬೆಳೆದು ಬಂದ ದಾರಿಯನ್ನು ಇಲ್ಲಿ ನೋಡೋಣ.

ಮನುವಿನ ಪಟ್ಟಿಗೇ ಮತ್ತೊಮ್ಮೆ ಬರುತ್ತೇನೆ. ಸಾರಥಿಯ ಅನನುಭವದಿಂದ ಗಾಡಿ ದಾರಿ ತಪ್ಪಿದರೆ ಒಡೆಯನಿಗೆ ಇನ್ನೂರು ಪಣ ದಂಡ. ಸಾರಥಿ ಪಳಗಿದವನಾಗಿದ್ದರೆ ದಂಡ ಅವನದೇ. ಪಳಗದ ಸಾರಥಿಯೆಂದು ತಿಳಿದೂ ಏರಿದ ಪ್ರಯಾಣಿಕರಿಗೆ ತಲಾ ನೂರು ಪಣ. ಅನನುಭವಿಯ ಕೈಗೆ ಗಾಡಿ ಕೊಟ್ಟ ಒಡೆಯನೇ ಹೊಣೆ ಎಂಬ ತತ್ತ್ವ ಅಷ್ಟು ಹಿಂದೆಯೇ ಹೊಳೆದಿತ್ತು. ಆದರೆ ದಂಡದ ಹಣ ಹೋಗುವುದು ರಾಜನ ಬೊಕ್ಕಸಕ್ಕೆ. ಕಾಲು ಮುರಿದವನಿಗೆ ಬರುವುದೇನು? ಈ ಶ್ಲೋಕಗಳಿಗೆ ತುಸು ಮೊದಲು, ಅಂಗಕ್ಕೆ ನೋವಾದರೆ, ಗಾಯವಾದರೆ, ನೆತ್ತರು ಹರಿದರೆ, ಅವನು ಎದ್ದು ಓಡಾಡುವವರೆಗಿನ ವೆಚ್ಚವನ್ನು ನೋಯಿಸಿದವನು ಕೊಡಬೇಕು ಎಂದು ಒಂದು ಮಾತಿದೆ. ಪರಿಹಾರದ ಬೀಜ ಅದು. ಅದಕ್ಕೆ ಹೊಂದಿಕೊಂಡೇ ಬರುವ ಗಾಡಿಯ ಪ್ರಕರಣದಲ್ಲಿ ಮಾತ್ರ ಪಣಗಳ ಲೆಕ್ಕವೇ ಮುಂದಾಗಿಬಿಟ್ಟಿದೆ.

ಇಂಗ್ಲೆಂಡಿನ ಹಳೆಯ ಪದ್ಧತಿ ಇದಕ್ಕಿಂತಲೂ ವಿಚಿತ್ರ. ಅಲ್ಲಿ ಮನುಷ್ಯನನ್ನು ಕೊಂದ ವಸ್ತುವೇ ತಪ್ಪಿತಸ್ಥ. ಗಾಡಿ ಹರಿದು ಸತ್ತರೆ ಗಾಡಿಯ ಚಕ್ರ, ಕುದುರೆ ಒದ್ದು ಸತ್ತರೆ ಕುದುರೆ, ದೇವರ ಪಾಲೆಂಬ ಹೆಸರಿನಲ್ಲಿ ದೊರೆಗೆ ಜಫ್ತಿಯಾಗುತ್ತಿತ್ತು. ಇಲ್ಲವೇ ಅದರ ಬೆಲೆಯನ್ನು ಕಟ್ಟಬೇಕಾಗುತ್ತಿತ್ತು. ಇನ್ನು ಸತ್ತವನ ಹೆಂಡತಿ ಮಕ್ಕಳ ಗತಿ? ೧೮೦೮ರಲ್ಲಿ ಒಂದು ದಾವೆ ಬಂತು. ಗಂಡ ಹೆಂಡಿರು ಬಾಡಿಗೆಯ ಕುದುರೆಗಾಡಿಯ ಮೇಲೆ ಕುಳಿತು ಹೋಗುತ್ತಿದ್ದಾಗ ಗಾಡಿ ಮಗುಚಿತು. ಹೆಂಡತಿ ಸುಮಾರು ಒಂದು ತಿಂಗಳು ನರಳಿ ತೀರಿಕೊಂಡಳು. ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ ಕೊಟ್ಟ ತೀರ್ಮಾನವೆಂದರೆ, ಆಕೆ ಬದುಕಿದ್ದ ಆ ಒಂದು ತಿಂಗಳಿಗೆ ಮಾತ್ರ ಗಂಡ ನಷ್ಟ ಕೇಳಬಹುದು, ಸತ್ತ ಮೇಲಿನದಕ್ಕಿಲ್ಲ. ಮನುಷ್ಯನ ಮರಣ ದಿವಾಣಿ ನ್ಯಾಯಾಸ್ಥಾನದಲ್ಲಿ ದೂರಬಹುದಾದ ಹಾನಿಯೇ ಅಲ್ಲ! ಈ ತರ್ಕದ ಫಲ ನಿಮಗೆ ಆಗಲೇ ಹೊಳೆದಿರಬೇಕು. ಕಾಲು ಮುರಿದರೆ ಹಣ ಕೊಡಬೇಕು, ಕೊಂದರೆ ಕೊಡಬೇಕಾಗಿಲ್ಲ.

ಕುದುರೆಗಾಡಿಗಳ ಕಾಲದಲ್ಲಿ ಹೇಗೋ ನಡೆದುಕೊಂಡು ಹೋದ ಈ ನಿಯಮ ರೈಲುಗಳು ಬಂದಮೇಲೆ ನಿಲ್ಲಲಿಲ್ಲ. ಒಂದೊಂದು ಅಪಘಾತದಲ್ಲಿ ಹತ್ತಾರು ಸಂಸಾರಗಳು ಬೀದಿಗೆ ಬಿದ್ದವು. ೧೮೪೬ರಲ್ಲಿ ಲಾರ್ಡ್ ಕ್ಯಾಂಬೆಲ್ ಅವರ ಶಾಸನ ಮೃತನ ಹೆಂಡತಿ, ಮಕ್ಕಳು, ತಂದೆತಾಯಿಗಳಿಗೆ ದಾವೆಯ ಹಕ್ಕನ್ನು ಕೊಟ್ಟಿತು. ಅದೇ ವರ್ಷ ದೇವರ ಪಾಲಿನ ಪದ್ಧತಿಯೂ ರದ್ದಾಯಿತು. ನಮ್ಮಲ್ಲಿ ೧೮೫೩ರಲ್ಲಿ ಮುಂಬಯಿಗೂ ಠಾಣೆಗೂ ನಡುವೆ ಮೊದಲ ರೈಲು ಓಡಿತು. ಎರಡೇ ವರ್ಷಕ್ಕೆ, ೧೮೫೫ರಲ್ಲಿ, ಮಾರಕ ಅಪಘಾತಗಳ ಶಾಸನವೂ ಇಲ್ಲಿಗೆ ಬಂತು.

ಹಕ್ಕೇನೋ ಬಂತು. ಆದರೆ ಹಕ್ಕನ್ನು ಕೈಗೆ ತೆಗೆದುಕೊಳ್ಳಲು ದಿವಾಣಿ ದಾವೆ ಹೂಡಬೇಕು. ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟು ಶುಲ್ಕ ಕಟ್ಟಬೇಕು. ಚಾಲಕನ ತಪ್ಪನ್ನು ಸಾಕ್ಷಿಗಳಿಂದ ರುಜುವಾತು ಮಾಡಬೇಕು. ಇಷ್ಟೆಲ್ಲ ಮಾಡಿ ಡಿಕ್ರಿ ಪಡೆದರೂ, ಲಾರಿಯ ಒಡೆಯನಿಗೆ ಇದ್ದುದು ಅದೊಂದೇ ಲಾರಿ, ಅದೂ ಸಾಲದ ಮೇಲಿನದು ಎಂದಾದರೆ ಡಿಕ್ರಿಯ ಕಾಗದವನ್ನು ಏನು ಮಾಡಬೇಕು? ಮೋಟಾರು ಯುಗದ ಮುಖ್ಯ ತೊಡಕು ಇದೇ. ಇದಕ್ಕೆ ಇಂಗ್ಲೆಂಡು ೧೯೩೦ರಲ್ಲಿ ಕಂಡುಕೊಂಡ ಉಪಾಯವನ್ನು ನಮ್ಮ ೧೯೩೯ರ ಮೋಟಾರು ವಾಹನಗಳ ಶಾಸನವೂ ಅಳವಡಿಸಿಕೊಂಡಿತು. ಗಾಡಿಯನ್ನು ಬೀದಿಗೆ ಇಳಿಸುವ ಮುಂಚೆ, ಅದರಿಂದ ನೊಂದವರ ಸಲುವಾಗಿ ವಿಮೆ ಮಾಡಿಸಿರಲೇಬೇಕು. ಒಡೆಯನಿಗೂ ವಿಮೆಯ ಕಂಪನಿಗೂ ಸೇರದ ಹೊರಗಿನವನಿಗಾಗಿ ಮಾಡಿಸಿದ ವಿಮೆಯಾದ್ದರಿಂದ ಅದಕ್ಕೆ ಮೂರನೆಯ ಪಕ್ಷದ ವಿಮೆ ಎಂದು ಹೆಸರು. ಯುದ್ಧದ ದಿನಗಳು ಅಡ್ಡ ಬಂದು ಈ ಅಧ್ಯಾಯ ಜಾರಿಗೆ ಬಂದುದು ೧೯೪೬ರ ಜುಲೈ ಒಂದರಂದು. ಸರಕಿನ ಗಾಡಿಗೆ ಇದ್ದ ಮಿತಿ ಒಟ್ಟಿಗೆ ಇಪ್ಪತ್ತು ಸಾವಿರ ರೂಪಾಯಿ. ೧೯೬೯ರಲ್ಲಿ ಐವತ್ತು ಸಾವಿರ, ೧೯೮೨ರಲ್ಲಿ ಒಂದೂವರೆ ಲಕ್ಷ, ೧೯೮೮ರ ಹೊಸ ಶಾಸನದಲ್ಲಿ ಸಾವುನೋವುಗಳ ಮಟ್ಟಿಗೆ ಮಿತಿಯೇ ಇಲ್ಲ ಎಂಬಲ್ಲಿಗೆ ಅದು ಬೆಳೆಯಿತು.

ಎರಡನೆಯ ಹೆಜ್ಜೆ ೧೯೫೬ರ ತಿದ್ದುಪಡಿ. ದಿವಾಣಿ ನ್ಯಾಯಾಸ್ಥಾನದ ನಿಧಾನವನ್ನೂ ವೆಚ್ಚವನ್ನೂ ತಪ್ಪಿಸಲು ಪ್ರತ್ಯೇಕ ನ್ಯಾಯಮಂಡಳಿಗಳನ್ನು ರಚಿಸಲು ಅದು ಅವಕಾಶ ಕೊಟ್ಟಿತು. ದೊಡ್ಡ ದಾವೆಯ ಬದಲು ಒಂದು ಅರ್ಜಿ. ವಿಸ್ತಾರವಾದ ವಿಧಿವಿಧಾನದ ಬದಲು ಸಂಕ್ಷೇಪ ವಿಚಾರಣೆ. ಬೆಂಗಳೂರಿನಲ್ಲಿ ಸಣ್ಣ ವ್ಯಾಜ್ಯಗಳ ನ್ಯಾಯಾಲಯವೇ ಈ ಮಂಡಳಿಯಾಗಿಯೂ ಕೆಲಸ ಮಾಡುತ್ತದೆ. ಅಲ್ಲಿಯ ಮೊಗಸಾಲೆಯಲ್ಲಿ ಒಂದು ಬೆಳಗ್ಗೆ ಕುಳಿತು ನೋಡಿದರೆ ಊರುಗೋಲುಗಳ ಸದ್ದೇ ಹೆಚ್ಚು ಕೇಳಿಸುತ್ತದೆ. ಹಾಗೆಂದು ಎಲ್ಲ ಕಡೆಯೂ ಬಾಗಿಲು ಸಲೀಸಾಗಿ ತೆರೆಯಲಿಲ್ಲ. ಸರ್ಕಾರಿ ಬಸ್ಸಿಗೆ ಸಿಕ್ಕಿ ಸತ್ತವನ ಹೆಂಡತಿಯೂ ಮಗಳೂ ಕೋರ್ಟು ಶುಲ್ಕ ಕಟ್ಟಲಾರೆವೆಂದಾಗ, ಬಡವರೆಂದು ಅವರಿಗೆ ವಿನಾಯಿತಿ ಕೊಟ್ಟುದನ್ನು ಹರಿಯಾಣಾ ಸರ್ಕಾರ ಸುಪ್ರೀಂ ಕೋರ್ಟಿನವರೆಗೂ ಎಳೆದುಕೊಂಡು ಹೋಯಿತು. ೧೯೭೯ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸರ್ಕಾರಕ್ಕೆ ಛೀಮಾರಿ ಹಾಕಿ ಕಳುಹಿಸಿದರು.

ಉಳಿದುದು ತಪ್ಪಿನ ಪ್ರಶ್ನೆ. ಟ್ರೇಲರು ಅಡ್ಡ ತಿರುಗಿ ಕೆಡವಿದಾಗ ಚಾಲಕ ಹೇಳುವುದು ಸಾಮಾನ್ಯವಾಗಿ ಮನುವಿನ ಪಟ್ಟಿಯನ್ನೇ: ಬ್ರೇಕು ಕಟ್ಟಿಕೊಂಡಿತು, ಅಚ್ಚು ಮುರಿಯಿತು, ಹಿಂದಿನ ಹೊರೆ ನೂಕಿತು, ನನ್ನ ಕೈಯಲ್ಲೇನಿತ್ತು? ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದವನು ಇದನ್ನು ಹೇಗೆ ಅಲ್ಲಗಳೆಯಬೇಕು? ಇಲ್ಲಿ ೧೯೭೭ರ ಎರಡು ತೀರ್ಪುಗಳು ನೆನಪಿಡತಕ್ಕವು. ರಸ್ತೆ ಬಿಟ್ಟು ಹೋಗಿ ಮರಕ್ಕೆ ಬಡಿದ ಕಾರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸರಿಯಾಗಿ ನಡೆಸಿದ ಗಾಡಿ ಹೀಗೆ ವರ್ತಿಸುವುದಿಲ್ಲವಾದ್ದರಿಂದ ಘಟನೆ ತಾನೇ ಸಾಕ್ಷಿ, ವಿವರಣೆ ಕೊಡುವ ಹೊರೆ ಗಾಡಿಯವನದು ಎಂದಿತು. ಅದೇ ವರ್ಷ ಇನ್ನೊಂದರಲ್ಲಿ, ಯಂತ್ರದೋಷವೆಂದು ಹೇಳುವ ಒಡೆಯ ಆ ದೋಷ ಗುಪ್ತವಾಗಿತ್ತೆಂದೂ ತಕ್ಕ ಎಚ್ಚರ ವಹಿಸಿದ್ದರೂ ಕಾಣಸಿಗುತ್ತಿರಲಿಲ್ಲವೆಂದೂ ತಾನೇ ರುಜುವಾತು ಮಾಡಬೇಕು ಎಂದಿತು. ‘ಅಚ್ಚು ಮುರಿಯಿತು’ ಎಂದ ಮಾತ್ರಕ್ಕೆ ಬಿಡುಗಡೆಯಿಲ್ಲ. ಅಚ್ಚನ್ನು ಕಡೆಯ ಸಲ ನೋಡಿದ್ದು ಯಾವಾಗ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಮುಂದೆ ೧೯೮೦ರಲ್ಲಿ, ಫೌಜುದಾರಿ ಮೊಕದ್ದಮೆಯಲ್ಲಿ ಚಾಲಕ ಖುಲಾಸೆಯಾದರೂ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ ಎಂಬುದೂ ನಿಶ್ಚಯವಾಯಿತು. ಒಂದು ಕಡೆ ಸಂಶಯಕ್ಕೆ ಎಡೆಯಿಲ್ಲದ ಸಾಕ್ಷ್ಯ ಬೇಕು, ಇನ್ನೊಂದು ಕಡೆ ಹೆಚ್ಚು ಸಂಭವನೀಯವಾದುದು ಯಾವುದು ಎಂಬಷ್ಟೇ ಸಾಕು. ಇದನ್ನರಿಯದೆ ‘ಡ್ರೈವರು ಬಿಡುಗಡೆಯಾದನಂತೆ, ಇನ್ನೇನು’ ಎಂದು ಕೈಚೆಲ್ಲಿದ ಸಂಸಾರಗಳಿವೆ.

ತಪ್ಪು ಯಾರದೇ ಇರಲಿ, ಮೊದಲು ಒಂದಿಷ್ಟು ಹಣ ಸಿಗಬೇಕು ಎಂಬ ತತ್ತ್ವ ನಮ್ಮ ಶಾಸನದೊಳಕ್ಕೆ ಬಂದುದು ೧೯೮೨ರ ಅಕ್ಟೋಬರ್ ಒಂದರಿಂದ. ಸಾವಿಗೆ ಹದಿನೈದು ಸಾವಿರ, ಶಾಶ್ವತ ಊನಕ್ಕೆ ಏಳೂವರೆ ಸಾವಿರ. ಮೊತ್ತ ಸಣ್ಣದು; ಅದರ ಹಿಂದಿದ್ದ ತತ್ತ್ವ ಸಣ್ಣದಲ್ಲ. ಅದು ಎಷ್ಟು ದೂರ ಹೋಗಬಲ್ಲುದು ಎಂಬುದರ ಪರೀಕ್ಷೆ ನಮ್ಮವರು ದಿನವೂ ಓಡಾಡುವ ಪುಣೆ–ಬೆಂಗಳೂರು ರಸ್ತೆಯಲ್ಲಿಯೇ ನಡೆಯಿತು. ಆ ಕಥೆಯನ್ನು ಕೊಂಚ ವಿಸ್ತಾರವಾಗಿ ಹೇಳುತ್ತೇನೆ.

೧೯೮೭ನೆಯ ಅಕ್ಟೋಬರ್ ೨೯, ಬೆಳಗಿನ ಜಾವ ಮೂರು ಗಂಟೆ. ಸಾತಾರಾ ಜಿಲ್ಲೆಯ ಒಂದು ಹಳ್ಳಿಯ ಬಳಿ, ಪುಣೆಯ ಕಡೆಯಿಂದ ಬೆಂಗಳೂರಿನ ಕಡೆಗೆ ಬರುತ್ತಿದ್ದ ಪೆಟ್ರೋಲ್ ಟ್ಯಾಂಕರಿಗೂ ಎದುರಿನಿಂದ ಬಂದ ಈರುಳ್ಳಿಯ ಲಾರಿಗೂ ಡಿಕ್ಕಿಯಾಯಿತು. ಟ್ಯಾಂಕರು ರಸ್ತೆಯಿಂದ ಸುಮಾರು ಇಪ್ಪತ್ತು ಅಡಿ ಆಚೆಗೆ ಹೋಗಿ ಎಡಮಗ್ಗುಲಾಗಿ ಬಿದ್ದಿತು. ಪೆಟ್ರೋಲು ಸೋರತೊಡಗಿತು. ಬೆಳಕು ಹರಿಯಿತು. ಹಳ್ಳಿಯ ಜನ ಬಂದು ಸುತ್ತ ನೆರೆದರು. ಬಿದ್ದ ಗಾಡಿಯನ್ನು ನೋಡಲು ನಮ್ಮಲ್ಲಿ ಯಾವ ಊರಿನ ಜನ ನೆರೆಯುವುದಿಲ್ಲ? ಏಳೂಕಾಲು ಗಂಟೆಯ ಹೊತ್ತಿಗೆ, ಎಂದರೆ ಡಿಕ್ಕಿಯಾಗಿ ನಾಲ್ಕು ಗಂಟೆಗಳ ತರುವಾಯ, ಟ್ಯಾಂಕರು ಸಿಡಿದು ಉರಿದುಹೋಯಿತು. ನೆರೆದವರಲ್ಲಿ ಅನೇಕರು ಸುಟ್ಟುಕೊಂಡರು, ಕೆಲವರು ಸತ್ತರು. ಸತ್ತ ಹುಡುಗನೊಬ್ಬನ ತಾಯಿ ಹದಿನೈದು ಸಾವಿರ ರೂಪಾಯಿಗಾಗಿ ಅರ್ಜಿ ಹಾಕಿದಳು.

ನ್ಯಾಯಮಂಡಳಿ ಕೊಡಲಾಗದೆಂದಿತು. ಅದರ ತರ್ಕದಲ್ಲಿ ಹುರುಳಿಲ್ಲದಿರಲಿಲ್ಲ. ಶಾಸನ ಹೇಳುವುದು ಮೋಟಾರು ವಾಹನದ ‘ಬಳಕೆಯಿಂದ ಒದಗಿದ’ ಅಪಘಾತವನ್ನು. ಮಗುಚಿ ಬಿದ್ದು ನಾಲ್ಕು ಗಂಟೆಯಾದ ಗಾಡಿ ಬಳಕೆಯಲ್ಲಿದೆಯೆಂದು ಹೇಗೆ ಹೇಳುವುದು? ಸಿಡಿತ ಬೇರೆ, ಡಿಕ್ಕಿ ಬೇರೆಯಲ್ಲವೆ? ಆದರೆ ಬೊಂಬಾಯಿಯ ಹೈಕೋರ್ಟು ತಾಯಿಯ ಪರವಾಗಿ ಹೇಳಿತು. ಟ್ಯಾಂಕರಿನ ಒಡೆಯ ಸುಪ್ರೀಂ ಕೋರ್ಟಿಗೆ ಹೋದ. ೧೯೯೧ರಲ್ಲಿ ಆ ನ್ಯಾಯಾಲಯ ಎರಡು ಪದಗಳನ್ನು ಕೈಗೆತ್ತಿಕೊಂಡು ನಿಧಾನವಾಗಿ ತೂಗಿ ನೋಡಿತು. ‘ಬಳಕೆ’ಯೆಂದರೆ ಓಡುವುದಷ್ಟೇ ಅಲ್ಲ, ನಿಂತ ಗಾಡಿಯೂ ಕೆಟ್ಟು ಬಿದ್ದ ಗಾಡಿಯೂ ಬಳಕೆಯ ಒಳಗೇ ಇರಬಹುದು. ‘ಒದಗಿದ’ ಎಂಬುದು ‘ಉಂಟಾದ’ ಎಂಬುದಕ್ಕಿಂತ ಅಗಲವಾದ ಮಾತು. ಕಾರಣದ ಸರಪಣಿ ಅಷ್ಟು ಹತ್ತಿರದ್ದಾಗಿರಬೇಕೆಂದಿಲ್ಲ. ಡಿಕ್ಕಿಯಿಂದ ಟ್ಯಾಂಕರು ಉರುಳಿತು, ಉರುಳಿದ್ದರಿಂದ ಪೆಟ್ರೋಲು ಸೋರಿತು, ಸೋರಿದ್ದರಿಂದ ಬೆಂಕಿ ಹತ್ತಿತು. ಹದಿನೈದು ಸಾವಿರ ತಾಯಿಗೆ ಸಲ್ಲಬೇಕೆಂದಾಯಿತು. ಇಂದು ಟ್ರೇಲರೊಂದು ಅಡ್ಡ ತಿರುಗಿ ರಾತ್ರಿಯಿಡೀ ದೀಪವಿಲ್ಲದೆ ರಸ್ತೆಯಲ್ಲಿ ಬಿದ್ದಿದ್ದು, ಮುಂಜಾನೆ ಯಾರೋ ಬಂದು ಅದಕ್ಕೆ ಬಡಿದರೆ, ‘ಆಗ ನಮ್ಮ ಗಾಡಿ ಓಡುತ್ತಿರಲಿಲ್ಲ’ ಎಂಬ ಉತ್ತರ ನಿಲ್ಲುವುದು ಕಷ್ಟ. ಹಾಗಾದುದು ಆ ತಾಯಿ ಹೂಡಿದ ಅರ್ಜಿಯಿಂದ.

ಟ್ರೇಲರಿನ ವಿಷಯದಲ್ಲಿ ಇನ್ನೂ ಎರಡು ಮಾತು ಉಳಿದಿವೆ. ಶಾಸನದ ಅರ್ಥನಿರೂಪಣೆಯಲ್ಲಿ ‘ಮೋಟಾರು ವಾಹನ’ವೆಂಬ ಮಾತಿನೊಳಗೆ ಟ್ರೇಲರೂ ಸೇರಿದೆ, ಎಂಜಿನ್ನಿಲ್ಲದ್ದು ವಾಹನವೇ ಅಲ್ಲವೆಂಬ ವಾದಕ್ಕೆ ಎಡೆಯಿಲ್ಲ. ಮುಂಗಾಡಿ ಒಬ್ಬನದು, ಹಿಂಗಾಡಿ ಇನ್ನೊಬ್ಬನದು, ಎದುರಿಗೆ ಬಂದ ಬಸ್ಸಿನವನದೂ ಪಾಲಿದೆ ಎಂದು ಹಲವರು ಕೂಡಿದಾಗಲೂ ಗಾಯಗೊಂಡವನು ಅವರ ಪಾಲುಪಟ್ಟಿ ಹಿಡಿದು ಮನೆಮನೆ ಅಲೆಯಬೇಕಾಗಿಲ್ಲ. ಅವರಲ್ಲಿ ಯಾವನೊಬ್ಬನಿಂದಲಾದರೂ ಪೂರ್ತಿ ಹಣವನ್ನು ಕೇಳಬಹುದು, ಅವರು ಆಮೇಲೆ ತಮ್ಮತಮ್ಮಲ್ಲಿ ಲೆಕ್ಕ ತೀರಿಸಿಕೊಳ್ಳಲಿ ಎಂದು ಸುಪ್ರೀಂ ಕೋರ್ಟು ೨೦೧೫ರಲ್ಲಿ ಹೇಳಿದೆ. ಚಾಲಕನ ಲೈಸೆನ್ಸು ಖೋಟಾ ಎಂದು ವಿಮೆಯ ಕಂಪನಿ ಹೇಳಿದರೂ, ಮೊದಲು ನೊಂದವನಿಗೆ ಕೊಟ್ಟು ಬಳಿಕ ಒಡೆಯನಿಂದ ವಸೂಲು ಮಾಡಿಕೊಳ್ಳುವಂತೆ ಆಜ್ಞೆ ಮಾಡಬಹುದೆಂಬುದು ೨೦೦೪ರ ತೀರ್ಪು.

ಸರಿ, ಎಷ್ಟು ಹಣ? ಕಳೆದುಹೋದ ಕೈಗೆ ಬೆಲೆ ಕಟ್ಟುವುದು ಹೇಗೆ? ಬಹುಕಾಲ ಇದು ನ್ಯಾಯಾಧೀಶರ ಅಂದಾಜಿನ ಮಾತಾಗಿತ್ತು. ಒಂದೇ ಬಗೆಯ ಗಾಯಕ್ಕೆ ಒಂದು ಊರಿನಲ್ಲೊಂದು ಮೊತ್ತ. ಇದಕ್ಕೊಂದು ಕ್ರಮ ತಂದವರಲ್ಲಿ ಮುಖ್ಯರು ಕರ್ನಾಟಕ ಹೈಕೋರ್ಟಿನಲ್ಲಿ ಹಲವು ವರ್ಷ ನ್ಯಾಯಮೂರ್ತಿಗಳಾಗಿದ್ದು ಸುಪ್ರೀಂ ಕೋರ್ಟಿಗೆ ಹೋದ ಆರ್. ವಿ. ರವೀಂದ್ರನ್ ಅವರು. ೨೦೦೯ರ ತೀರ್ಪಿನಲ್ಲಿ ಅವರು ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿಯನ್ನು ಕೊಟ್ಟರು: ಇಪ್ಪತ್ತೈದರವರೆಗೆ ವರ್ಷದ ಆದಾಯದ ನಷ್ಟವನ್ನು ಹದಿನೆಂಟರಿಂದ ಗುಣಿಸಬೇಕು, ಮೂವತ್ತೈದರವನಿಗೆ ಹದಿನಾರರಿಂದ, ಐವತ್ತರವನಿಗೆ ಹದಿಮೂರರಿಂದ, ಅರವತ್ತೈದು ದಾಟಿದರೆ ಐದರಿಂದ. ಎರಡು ವರ್ಷಗಳ ನಂತರ, ೨೦೧೧ರಲ್ಲಿ, ಗಾಯಗೊಂಡು ಬದುಕುಳಿದವರ ವಿಷಯದಲ್ಲಿ ಅವರು ಬರೆದುದು ಇನ್ನೂ ಸೂಕ್ಷ್ಮವಾದುದು. ವೈದ್ಯರು ಎಡಗೈ ಹೋದವನಿಗೆ ನೂರಕ್ಕೆ ಅರವತ್ತರಷ್ಟು ಊನವೆಂದು ಬರೆದುಕೊಡಬಹುದು. ಆದರೆ ಅವನು ಬಡಗಿಯೋ ಲಾರಿಯ ಚಾಲಕನೋ ಆಗಿದ್ದರೆ ಅವನ ಸಂಪಾದನೆಗೆ ಬಿದ್ದ ಪೆಟ್ಟು ಹೆಚ್ಚುಕಡಮೆ ನೂರಕ್ಕೆ ನೂರು. ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದರೆ ಅವನ ಕೆಲಸ ಉಳಿಯಲೂಬಹುದು. ಆದುದರಿಂದ ಕೈಯನ್ನಲ್ಲ, ಆ ಕೈ ಮಾಡುತ್ತಿದ್ದ ಕೆಲಸವನ್ನು ಅಳೆಯಬೇಕು. ನೋವು, ಚಿಕಿತ್ಸೆ, ಮುಂದೆ ಆಗಬೇಕಾದ ಶಸ್ತ್ರಕ್ರಿಯೆ, ನೋಡಿಕೊಳ್ಳುವವರ ಖರ್ಚು, ಬದುಕಿನ ಸುಖದ ನಷ್ಟ ಇವೆಲ್ಲ ಪ್ರತ್ಯೇಕ.

ಅದೇ ೨೦೧೧ರಲ್ಲಿ ನಮ್ಮ ರಾಜ್ಯದಿಂದಲೇ ಒಂದು ಮೊಕದ್ದಮೆ ದೆಹಲಿಗೆ ಹೋಯಿತು. ಅರ್ಜಿದಾರ ಒಬ್ಬ ಕೂಲಿ, ಮೂವತ್ತೈದರ ಆಸುಪಾಸಿನವನು. ತಿಂಗಳಿಗೆ ನಾಲ್ಕೂವರೆ ಸಾವಿರ ಸಂಪಾದಿಸುತ್ತಿದ್ದೆನೆಂದ. ದಾಖಲೆಯಿಲ್ಲವೆಂದು ಮಂಡಳಿ ಮೂರು ಸಾವಿರಕ್ಕೆ ಇಳಿಸಿತ್ತು. ಕೂಲಿಯವನು ಸಂಬಳದ ಚೀಟಿ ಎಲ್ಲಿಂದ ತಂದಾನು? ೨೦೦೪ರಲ್ಲಿ ದಿನಗೂಲಿ ನೂರರಿಂದ ನೂರೈವತ್ತು ರೂಪಾಯಿ ಇದ್ದುದರಿಂದ ಅವನ ಮಾತು ನಂಬತಕ್ಕದ್ದೇ ಎಂದು ಸುಪ್ರೀಂ ಕೋರ್ಟು ಪೂರ್ತಿ ನಾಲ್ಕೂವರೆ ಸಾವಿರವನ್ನೇ ಹಿಡಿಯಿತು. ಬರಿಯ ಒಂದೂವರೆ ಸಾವಿರದ ವ್ಯತ್ಯಾಸವೆನ್ನಬೇಡಿ. ಹನ್ನೆರಡು ತಿಂಗಳಿನಿಂದಲೂ ಹದಿನಾರು ವರ್ಷದಿಂದಲೂ ಗುಣಿಸಿ ನೋಡಿ, ಎರಡು ಲಕ್ಷದ ಎಂಬತ್ತೆಂಟು ಸಾವಿರವಾಗುತ್ತದೆ. ಊನ ಎಷ್ಟು ಪಾಲಿನದೋ ಅಷ್ಟು ಪಾಲು ಅವನಿಗೆ.

ಇದುವರೆಗೆ ರಸ್ತೆಯಲ್ಲಿದ್ದವರ ಮಾತಾಯಿತು. ಲಾರಿಯೊಳಗೇ ಇದ್ದವರಿಗೇನು? ಕೂಲಿಗೆ ದುಡಿಯುವ ಚಾಲಕನೂ ಕ್ಲೀನರೂ ಎರಡು ದಾರಿಗಳ ಕೂಡಿನಲ್ಲಿ ನಿಂತಿದ್ದಾರೆ. ೧೯೨೩ರ ಕಾರ್ಮಿಕರ ಪರಿಹಾರ ಶಾಸನದಂತೆ, ಕೆಲಸದಲ್ಲಿದ್ದಾಗ ಗಾಯವಾಯಿತೆಂಬಷ್ಟಕ್ಕೇ ಮಾಲೀಕನಿಂದ ಕೇಳಬಹುದಾಗಿತ್ತು. ೨೦೨೫ರ ನವೆಂಬರಿನಿಂದ ಆ ಶಾಸನ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿದೆ. ಇನ್ನೊಂದು ದಾರಿ ಮೋಟಾರು ನ್ಯಾಯಮಂಡಳಿಯದು. ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು; ಎರಡೂ ಕಡೆ ಕೈಯೊಡ್ಡುವಂತಿಲ್ಲ. ತಪ್ಪು ಚಾಲಕನದೇ ಆಗಿದ್ದರೆ ಅವನಿಗೆ ಮೊದಲನೆಯದೇ ಲೇಸು. ಸರಕಿನ ಜೊತೆಯಲ್ಲಿ ಅದರ ಒಡೆಯನೋ ಅವನ ಪರವಾಗಿಯೋ ಹೋಗುವವನಿಗೆ ೧೯೯೪ರ ತಿದ್ದುಪಡಿಯಿಂದ ವಿಮೆಯ ರಕ್ಷಣೆಯಿದೆ. ಆದರೆ ಹಾಗೆಯೇ ಲಾರಿ ಹತ್ತಿ ಹೋಗುವ ಜನ? ಮದುವೆಗೆ, ಜಾತ್ರೆಗೆ, ತೋಟದ ಕೆಲಸಕ್ಕೆ ಸರಕಿನ ಗಾಡಿಯ ಮೇಲೆ ಕುಳಿತು ಹೋಗುವವರನ್ನು ನಮ್ಮ ಸೀಮೆಯಲ್ಲಿ ನಾವು ದಿನವೂ ನೋಡುತ್ತೇವೆ. ಅಂಥವರಿಗೆ ವಿಮೆಯ ಕಂಪನಿ ಹೊಣೆಯಲ್ಲವೆಂದು ೨೦೦೨ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಒಡೆಯನಿಂದ ಕೇಳುವ ಹಕ್ಕೇನೋ ಉಳಿದಿದೆ. ಒಡೆಯನ ಬಳಿ ಹಣವಿಲ್ಲದಿದ್ದರೆ ೧೯೪೬ಕ್ಕೆ ಮುಂಚಿನ ಸ್ಥಿತಿಯೇ. ತೀರ್ಪು ಶಾಸನದ ಅಕ್ಷರಕ್ಕೆ ಸರಿಯಾದುದಿರಬಹುದು. ಬೇರೆ ಬಸ್ಸಿಲ್ಲದ ಊರಿನಲ್ಲಿ ಕೂಲಿಗೆ ಹೊರಟ ಹೆಂಗಸಿಗೆ ಇದನ್ನು ವಿವರಿಸುವ ಕೆಲಸ ನನಗೆ ಬಾರದಿರಲಿ.

ಹೊಡೆದು ಓಡಿಹೋದ ಗಾಡಿಯ ನಂಬರು ಯಾರೂ ನೋಡಿಲ್ಲ ಎನ್ನಿ. ೧೯೮೨ರಲ್ಲಿ ಇಂಥ ಸಾವಿಗೆ ಐದು ಸಾವಿರ, ಭಾರಿ ಗಾಯಕ್ಕೆ ಒಂದು ಸಾವಿರ ಎಂದಿದ್ದುದು ೨೦೨೨ರ ಏಪ್ರಿಲಿನಿಂದ ಎರಡು ಲಕ್ಷಕ್ಕೂ ಐವತ್ತು ಸಾವಿರಕ್ಕೂ ಏರಿದೆ. ಗಾಡಿ ಗೊತ್ತಿದ್ದು, ತಪ್ಪಿನ ವಾದ ಬೇಡವೆಂದರೆ, ೨೦೧೯ರ ತಿದ್ದುಪಡಿಯಂತೆ ಸಾವಿಗೆ ಐದು ಲಕ್ಷ, ಭಾರಿ ಗಾಯಕ್ಕೆ ಎರಡೂವರೆ ಲಕ್ಷ. ಅದನ್ನು ಒಪ್ಪಿದರೆ ತಪ್ಪು ತೋರಿಸಿ ಹೆಚ್ಚು ಕೇಳುವ ದಾರಿ ಮುಚ್ಚುತ್ತದೆ. ಚಿಕಿತ್ಸೆಯ ವಿಷಯದಲ್ಲಿ ಕರ್ನಾಟಕ ಒಂದು ಹೆಜ್ಜೆ ಮೊದಲೇ ಇಟ್ಟಿತು. ೨೦೧೬ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದ ತರುಣನೊಬ್ಬ, ದೇಹ ತುಂಡಾಗಿದ್ದರೂ, ತನ್ನ ಅಂಗಗಳನ್ನು ದಾನ ಮಾಡಿರೆಂದು ಸುತ್ತ ನಿಂತವರನ್ನು ಬೇಡಿಕೊಂಡು ಪ್ರಾಣ ಬಿಟ್ಟ. ಮರುತಿಂಗಳೇ ಅವನ ಹೆಸರಿನಲ್ಲಿ ಸಾಂತ್ವನ-ಹರೀಶ್ ಯೋಜನೆ ಆರಂಭವಾಯಿತು: ಮೊದಲ ನಲವತ್ತೆಂಟು ಗಂಟೆಗಳಲ್ಲಿ ಇಪ್ಪತ್ತೈದು ಸಾವಿರದವರೆಗಿನ ಚಿಕಿತ್ಸೆಯ ವೆಚ್ಚ ಸರ್ಕಾರದ್ದು. ೨೦೨೫ರ ಮೇ ತಿಂಗಳಿನಿಂದ ಕೇಂದ್ರದ ಯೋಜನೆಯೊಂದು ದೇಶಕ್ಕೆಲ್ಲ ಏಳು ದಿನ, ಒಂದೂವರೆ ಲಕ್ಷದವರೆಗೆ ಎಂದು ಗೊತ್ತುಮಾಡಿದೆ.

ವಕೀಲರ ವಿಷಯ ಒಂದು ಮಾತು. ಅಮೆರಿಕದಲ್ಲಿ ಗೆದ್ದ ಹಣದಲ್ಲಿ ಇಷ್ಟು ಪಾಲು ಎಂಬ ಕರಾರಿನ ಮೇಲೆ ವಕೀಲರು ಇಂಥ ಮೊಕದ್ದಮೆಗಳನ್ನು ಹಿಡಿಯುತ್ತಾರೆ. ನಮ್ಮಲ್ಲಿ ವಕೀಲರ ಪರಿಷತ್ತಿನ ನಿಯಮಗಳು ಅದನ್ನು ನಿಷೇಧಿಸಿವೆ. ಆಸ್ಪತ್ರೆಯ ಹಾಸಿಗೆಯ ಬಳಿಗೇ ಬಂದು ಪಾಲಿನ ಮಾತಾಡುವವರು ಯಾರೇ ಆಗಿರಲಿ, ಅವರ ಮಾತು ನಿಯಮಕ್ಕೆ ಹೊರಗಿನದು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಮಿಕರಿಗೆ, ಅಂಗವಿಕಲರಿಗೆ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ದೊರೆಯುತ್ತಾರೆ. ಅರ್ಜಿಯನ್ನು ಅಪಘಾತವಾದ ಊರಿನಲ್ಲಿಯೇ ಹಾಕಬೇಕೆಂದಿಲ್ಲ. ನೊಂದವನು ವಾಸಿಸುವ ಅಥವಾ ಕೆಲಸ ಮಾಡುವ ಊರಿನಲ್ಲೂ ಹಾಕಬಹುದು.

ಆದರೆ ಎಷ್ಟು ದಿನದೊಳಗೆ? ಈ ಗಡುವಿನ ಚರಿತ್ರೆ ಗಡಿಯಾರದ ಲೋಲಕದಂತೆ ಅತ್ತಿಂದಿತ್ತ ತೂಗಿದೆ. ೧೯೫೬ರಲ್ಲಿ ಅರವತ್ತು ದಿನ. ಮುರಿದ ಮೂಳೆ ಕೂಡುವುದಕ್ಕೇ ಅದು ಸಾಲದೆಂದು ೧೯೬೯ರಲ್ಲಿ ಆರು ತಿಂಗಳು. ೧೯೮೮ರ ಶಾಸನದಲ್ಲಿ ಆರು ತಿಂಗಳು, ತಕ್ಕ ಕಾರಣವಿದ್ದರೆ ಹನ್ನೆರಡರವರೆಗೆ. ೧೯೯೪ರ ನವೆಂಬರಿನಲ್ಲಿ ಗಡುವನ್ನೇ ಕಿತ್ತು ಹಾಕಿದರು; ಇಪ್ಪತ್ತೇಳು ವರ್ಷಕ್ಕೂ ಮೀರಿ ನೊಂದವನು ಯಾವಾಗ ಬಂದರೂ ಬಾಗಿಲು ತೆರೆದಿತ್ತು. ೨೦೧೯ರ ತಿದ್ದುಪಡಿ ಅದನ್ನು ಮತ್ತೆ ಆರು ತಿಂಗಳೆಂದು ಮುಚ್ಚಿತು. ೨೦೨೨ರ ಏಪ್ರಿಲ್ ಒಂದರಿಂದ ಅದು ಜಾರಿಗೆ ಬಂದಿದೆ. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೂ ಅರ್ಜಿಗಳು ಹೋಗಿವೆ. ಅಲ್ಲಿ ಏನಾದರೂ ಆಗಲಿ, ನಿಮ್ಮ ಮನೆಯವರೊಬ್ಬರು ಆಸ್ಪತ್ರೆಯಲ್ಲಿದ್ದರೆ ಆರು ತಿಂಗಳನ್ನೇ ಎಣಿಸಿಕೊಳ್ಳಿ.

ಅದೇ ದಿನದಿಂದ ಇನ್ನೊಂದು ನಿಯಮವೂ ನಡೆಯುತ್ತಿದೆ. ಅಪಘಾತದ ಮೊದಲ ವರದಿಯನ್ನು ಪೊಲೀಸರು ನಲವತ್ತೆಂಟು ಗಂಟೆಗಳೊಳಗೆ ನ್ಯಾಯಮಂಡಳಿಗೆ ತಲುಪಿಸಬೇಕು. ಗಾಡಿಯ ಕಾಗದ, ವಿಮೆಯ ವಿವರ, ಗಾಯದ ಪ್ರಮಾಣಪತ್ರಗಳೊಡನೆ ಪೂರ್ತಿ ವರದಿಯನ್ನು ತೊಂಬತ್ತು ದಿನಗಳೊಳಗೆ. ಆ ವರದಿಯನ್ನೇ ಮಂಡಳಿ ಪರಿಹಾರದ ಅರ್ಜಿಯೆಂದು ಎಣಿಸಬೇಕೆಂದು ಶಾಸನ ಹೇಳುತ್ತದೆ. ಇದನ್ನು ಪೊಲೀಸ್ ಠಾಣೆಗಳು ಪಾಲಿಸುವಂತೆ ೨೦೨೨ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆಲ್ಲ ಆಜ್ಞೆಯನ್ನೂ ಕೊಟ್ಟಿತು. ವರದಿ ಹೋಗಿದೆಯೆ, ಅದರ ನಕಲು ಎಲ್ಲಿ ಎಂದು ಠಾಣೆಗೆ ಹೋಗಿ ಕೇಳಲು ಗಾಯಗೊಂಡವನೇ ಬರಬೇಕಾಗಿಲ್ಲ. ಅಣ್ಣನೋ ತಂಗಿಯೋ ಹೋದರೂ ಸಾಕು.